ಉಪ್ಪು ಸಾಲದು

ಜೂನ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಅಕ್ಕನ ಆಶೀರ್ವಾದಗಳು. ಉಭಯಕುಶಲೋಪರಿ ಎಂದು ಬರೆಯಲು ಹೊರಟೆ. ಆ ಉಭಯದಲ್ಲಿ ನನ್ನ ಪಾಲಿನ ಕುಶಲ ಈಗಷ್ಟೇ ಮಾತ್ರೆ ನುಂಗಿ ಎದ್ದು ಕೂತಿದೆ. ನಿನ್ನ ಕಾಗದ ಬಂದು ಎಷ್ಟೋ ದಿನವಾದರೂ ಉತ್ತರ ಬರೆಯಲಿಲ್ಲ, ಮುನಿಸಿಕೊಳ್ಳಬೇಡ. ಪೆನ್ನು ಹಿಡಿಯಲೂ ಕೈಯಲ್ಲಿ ತ್ರಾಣವಿರಲಿಲ್ಲ. ಫೋನು ಮಾಡೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಕೂತು, ನಾನು ಬಾಯಿ ತೆರೆಯುವ ಮೊದಲೇ ನನ್ನ ಕಾಯಿಲೆಯ ವರದಿ ಒಪ್ಪಿಸಿಬಿಡುತ್ತಾರೆ. ಅವರು ಬೇಕರಿಗೆ ಹೋಗಿರುವಾಗ ಇದನ್ನು ಬರೆಯುತ್ತಿದ್ದೇನೆ.

ನಾನು ಬೇಕರಿಯಲ್ಲಿ ಕುಸಿದು ಬಿದ್ದೆ, ಆಸ್ಪತ್ರೆಗೆ ಸೇರಿಸಿದರು, ಇಷ್ಟು ನಿನಗೆ ಅವರ ಬಾಯಿಂದ ಗೊತ್ತು. ಅದರ ಹಿಂದಿನದು ಗೊತ್ತಿಲ್ಲ. ಎರಡು ವರ್ಷದಿಂದ ನನಗೊಂದು ಸುಸ್ತು ಗಂಟುಬಿದ್ದಿತ್ತು. ಮಲಗಿದರೆ ಹೋಗುವ ಸುಸ್ತಲ್ಲ ಅದು. ಬೆಳಿಗ್ಗೆ ಕಣ್ಣು ಬಿಟ್ಟಾಗಲೇ ದಿನವಿಡೀ ಹಿಟ್ಟು ನಾದಿ ಬಂದವಳ ಹಾಗೆ ಮೈ ಬಿದ್ದುಹೋಗಿರುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಬೆಣ್ಣೆ ಕಾಯುವ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಬೇಕರಿಯವಳಿಗೆ ಬೇಕರಿಯ ವಾಸನೆಯೇ ಹೇಸಿಗೆಯಾದರೆ ಯಾರ ಮುಂದೆ ಹೇಳಿಕೊಳ್ಳುವುದು ಹೇಳು. ಆಗಾಗ ಮೈದಾ ಮೂಟೆಯ ಮೇಲೆ ಹೋಗಿ ಕೂರುತ್ತಿದ್ದೆ. ನಿನ್ನ ಭಾವ ಗಿರಾಕಿಗಳಿಗೆ ಕೇಳುವಂತೆ, "ನಮ್ಮಲ್ಲಿ ಎರಡು ಥರದ ಮೂಟೆ ಇದೆ, ಒಂದು ಮೈದಾದ್ದು, ಇನ್ನೊಂದು ಉಸಿರಾಡುತ್ತೆ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ.

ಆಮೇಲೆ ಕೈಗೆರೆಗಳು ಕಪ್ಪಾದವು. ಬೆರಳ ಗೆಣ್ಣು, ಮೊಣಕೈ, ಒಸಡು ಸಹ. ತಿಕ್ಕಿ ತಿಕ್ಕಿ ಚರ್ಮ ಸುಲಿದುಕೊಂಡೆನೇ ಹೊರತು ಕಪ್ಪು ಹೋಗಲಿಲ್ಲ. ಬನ್ನು ಕೊಡಲು ಕೈ ಚಾಚಿದರೆ ಹೆಂಗಸರು ಪೊಟ್ಟಣದ ತುದಿ ಹಿಡಿದು ತೆಗೆದುಕೊಳ್ಳುತ್ತಿದ್ದರು. "ಕೈ ತೊಳ್ಕೊಳೋಕೂ ಸೋಮಾರಿತನವಾ?" ಎಂದು ನಿನ್ನ ಭಾವ ಎಲ್ಲರೆದುರಿಗೆ ಕೇಳಿದರು.

ಮಾನ ಹೋಗಿದ್ದು ಮಾತ್ರ ಉಪ್ಪಿನಿಂದ. ಹಿಟ್ಟಿನ ಉಪ್ಪು ನೋಡುವುದು ನನ್ನ ಕೆಲಸ ತಾನೆ. ಚಿಟಿಕೆ ಹಿಟ್ಟು ನಾಲಿಗೆಯ ಮೇಲಿಟ್ಟು ಹದ ಹೇಳುತ್ತಿದ್ದವಳು ನಾನು. ಇಷ್ಟು ವರ್ಷದಲ್ಲಿ ತಪ್ಪಿದ್ದಿಲ್ಲ. ಅದೇ ನಾಲಿಗೆ ಎಷ್ಟು ಹಾಕಿದರೂ ಉಪ್ಪು ಸಾಲದು ಎನ್ನತೊಡಗಿತು. ನಾನು ಹಾಕುತ್ತಾ ಹೋದೆ. ನಮ್ಮ ಖಾಯಂ ಗಿರಾಕಿ ಮೇಷ್ಟ್ರು ಬ್ರೆಡ್ಡು ವಾಪಸು ತಂದು, "ಏನಮ್ಮಾ, ಸಮುದ್ರದ ನೀರಲ್ಲಿ ಕಲಸ್ತೀರಾ?" ಎಂದರು. ಅವರೆದುರೇ ಒಂದು ತುಂಡು ಮುರಿದು ತಿಂದೆ. ನನಗದು ಸಪ್ಪೆ. ಯಾರೂ ಇಲ್ಲದಾಗ ಅಂಗೈಯಲ್ಲಿ ಉಪ್ಪು ಸುರಿದುಕೊಂಡು ನೆಕ್ಕುತ್ತಿದ್ದೆ ಕಣೆ. ಒಮ್ಮೆ ನಾದಿನಿ ನೋಡಿ, "ಏನತ್ತಿಗೆ, ಈ ವಯಸ್ಸಲ್ಲಿ ವಿಶೇಷವಾ?" ಎಂದು ಕಣ್ಣು ಹೊಡೆದಳು.

ಆ ಮಹಾತಾಯಿ ಆಗಲೇ ಡಬ್ಬಿಗಳಲ್ಲಿ ಶಕ್ತಿಪುಡಿ ಮಾರುತ್ತಿದ್ದಳು. ಯಾವುದೋ ವಿಡಿಯೋ ನೋಡಿ ಬಂದು, "ನಿಮ್ಮ ಅಡ್ರಿನಲ್ ಗ್ರಂಥಿ ದಣಿದಿದೆ ಅತ್ತಿಗೆ, ಅದಕ್ಕೆ ರೆಸ್ಟ್ ಕೊಡ್ಬೇಕು, ಉಪ್ಪು ಪೂರ್ತಿ ಬಿಡ್ಬೇಕು" ಎಂದಳು. ಹಸಿರು ಪುಡಿ, ಕೆರೆಯ ಪಾಚಿಯ ನಾತ. ಮೂಗು ಮುಚ್ಚಿಕೊಂಡು ಕುಡಿದೆ, ಉಪ್ಪೂ ಬಿಟ್ಟೆ. ವಾಂತಿ ಶುರುವಾಯಿತು. "ವಿಷ ಹೊರಗೆ ಹೋಗ್ತಿದೆ, ಒಳ್ಳೇದೇ" ಎಂದಳು. ಆ ವಾರವೇ ನಾನು ಬಿದ್ದದ್ದು.

ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಮ್ಮ ನನ್ನ ಅಂಗೈ ಹಿಡಿದು ದೀಪದ ಕೆಳಗೆ ನೋಡಿದರು. ಅಸಹ್ಯಪಡದೆ ಆ ಕೈ ಹಿಡಿದವರನ್ನು ಕಂಡು ಎಷ್ಟು ಕಾಲವಾಗಿತ್ತೋ. "ಉಪ್ಪು ತಿನ್ಬೇಕು ಅನ್ಸುತ್ತಾ?" ಎಂದು ಕೇಳಿದರು. ನಿನ್ನ ಭಾವ, "ಇವಳ ಬ್ರೆಡ್ಡು ತಿಂದು ನೋಡಿ ಡಾಕ್ಟ್ರೇ" ಎಂದು ನಕ್ಕರು. ಆಕೆ ನಗಲಿಲ್ಲ. ರಕ್ತ ಪರೀಕ್ಷೆಯಾದ ಮೇಲೆ ಬಿಡಿಸಿ ಹೇಳಿದರು: ಮೂತ್ರಪಿಂಡಗಳ ನೆತ್ತಿಯ ಮೇಲೆ ಪುಟ್ಟ ಟೊಪ್ಪಿಗೆಗಳಂತೆ ಎರಡು ಗ್ರಂಥಿಗಳಿವೆಯಂತೆ. ಮೈಗೆ ಕಷ್ಟ ಬಂದಾಗ ಎತ್ತಿ ಹಿಡಿಯುವುದು, ಉಪ್ಪನ್ನು ದೇಹದಲ್ಲಿ ಉಳಿಸುವುದು ಅವುಗಳ ಕೆಲಸ. ನನ್ನವು ಕೆಟ್ಟುಹೋಗಿವೆ. ತಿಂದ ಉಪ್ಪೆಲ್ಲ ಸೋರಿಹೋಗುತ್ತಿತ್ತು, ನಾಲಿಗೆ ಸರಿಯಾಗಿಯೇ ಕೇಳುತ್ತಿತ್ತು. ಕಪ್ಪು ಬಣ್ಣವೂ ಅದರದ್ದೇ. ನಾದಿನಿ ಬಾಗಿಲಲ್ಲೇ ನಿಂತು, "ನಾನು ಹೇಳ್ಲಿಲ್ವಾ, ಗ್ರಂಥಿ ದಣಿದಿದೆ ಅಂತ" ಎಂದಳು. "ದಣಿಯೋ ಗ್ರಂಥಿ ಅಂತ ಕಾಯಿಲೆ ಇಲ್ಲಮ್ಮ. ಇವರದ್ದು ನಿಂತೇ ಹೋಗಿದೆ. ಆ ಪುಡಿ ನಂಬಿ ಉಪ್ಪು ಬಿಟ್ಟು ಇವರು ಸಾಯ್ತಿದ್ರು" ಎಂದರು ಡಾಕ್ಟರಮ್ಮ. ಬದುಕಿರುವವರೆಗೂ ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ. ಪರವಾಗಿಲ್ಲ. ಮೊನ್ನೆ ನಾನೇ ತಲೆ ಬಾಚಿ ಜಡೆ ಹಾಕಿಕೊಂಡೆ, ನಡುವೆ ಎಲ್ಲೂ ಕೂರಲಿಲ್ಲ.

ಕಾಯಿಲೆಗಿಂತ ಹೇಸಿಗೆ ಈಗ ನಡೆಯುತ್ತಿರುವುದು. ಮೂಟೆ ಎಂದು ನಕ್ಕವರೆಲ್ಲ ಹಣ್ಣು ಹಿಡಿದು ಬರುತ್ತಾರೆ. ನಿನ್ನ ಭಾವ ಬಂದವರಿಗೆಲ್ಲ ಅದೇ ಕಥೆ ಊದುತ್ತಾರೆ: "ಅವಳು ಬಿದ್ದಿದ್ದೇ ತಡ, ಓವನ್ನಲ್ಲಿದ್ದ ಬ್ರೆಡ್ಡೆಲ್ಲ ಹಾಗೇ ಬಿಟ್ಟು ಓಡಿ ಬಂದೆ, ಎರಡು ಕೈಯಲ್ಲಿ ಎತ್ಕೊಂಡೆ." ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ಆ ದಿನ ಮಾರದೆ ಉಳಿದ ಬ್ರೆಡ್ಡನ್ನು ರಸ್ಕು ಮಾಡಿಟ್ಟಿದ್ದಾರೆ, ಟೀ ಜೊತೆ ಅದನ್ನೇ ಕೊಡುತ್ತಾರೆ. ಹೊಂಬಣ್ಣಕ್ಕೆ ಬಂದಿದೆ, ಎಷ್ಟು ಹದವಾಗಿದೆ ಎಂದು ಹೊಗಳಿ ತಿನ್ನುತ್ತಾರೆ. ನಾನು ಗೋಡೆಯ ಕಡೆ ತಿರುಗಿ ಮಲಗುತ್ತೇನೆ.

ಈಗ ನಾನು ಕೇಳಬೇಕಾದ್ದಕ್ಕೆ ಬರುತ್ತೇನೆ. ಡಾಕ್ಟರಮ್ಮ ಮನೆಯಲ್ಲಿಡಲು ಒಂದು ಇಂಜೆಕ್ಷನ್ ಕೊಟ್ಟಿದ್ದಾರೆ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಇಲ್ಲವೇ ಆ ದಿನದ ಹಾಗೆ ಬಿದ್ದರೆ, ಪಕ್ಕದಲ್ಲಿದ್ದವರು ಕೂಡಲೇ ತೊಡೆಗೆ ಚುಚ್ಚಿ ಆಸ್ಪತ್ರೆಗೆ ಕರೆದೊಯ್ಯಬೇಕು. ತಡವಾದರೆ ನಾನು ಉಳಿಯುವುದಿಲ್ಲ. "ಯಾರು ಕಲೀತೀರಿ?" ಎಂದು ಕೇಳಿದಾಗ ನಿನ್ನ ಭಾವ, "ನಾನಿದ್ದೀನಲ್ಲ" ಎಂದು ಮುಂದೆ ಬಂದರು. ನಾನು "ಅವರು ಬೇಡ" ಎಂದೆ. "ಔಷಧಿ ತಲೆಗೇರಿದೆ" ಎಂದು ಅವರು ನಕ್ಕರು. ನಾದಿನಿ, "ಎಂಥಾ ಗಂಡನ್ನ ಪಡ್ಕೊಂಡು ಎಂಥಾ ಹಟ" ಎಂದು ತಲೆ ಚಚ್ಚಿಕೊಂಡಳು. ಡಾಕ್ಟರಮ್ಮ ಮಾತ್ರ ನನ್ನ ಮುಖ ನೋಡಿ, "ಮತ್ಯಾರು?" ಎಂದರು. ನಿನ್ನ ಹೆಸರು ಹೇಳಿದೆ.

ಸೂಜಿ ಕಂಡರೆ ಮಂಚದಡಿ ತೂರುತ್ತಿದ್ದವಳು ನೀನು, ಮರೆತಿಲ್ಲ. ಆದರೂ ಕೇಳುತ್ತೇನೆ, ಕಲಿಯುತ್ತೀಯಾ? ನಿಮ್ಮ ಮಹಡಿಯ ಕೋಣೆ ಖಾಲಿ ಇದೆ ಎಂದು ನೀನೇ ಕಾಗದದಲ್ಲಿ ಬರೆದಿದ್ದೆ. ನೀನು ಹೂಂ ಎಂದರೆ ಬಂದುಬಿಡುತ್ತೇನೆ. ನಿನ್ನ ಅಡುಗೆಮನೆಯಲ್ಲೇ ಬ್ರೆಡ್ಡು ಬೇಯಿಸಿ ಮಾರುತ್ತೇನೆ, ಉಪ್ಪು ನೀನು ನೋಡು. ನಿನ್ನ ಮಗಳಿಗೆ ದೊಡ್ಡಮ್ಮನ ಮುತ್ತು. ನಿಮ್ಮ ಮೂವರ ಮೈಕೈ ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ತಾ.ಕ.: ಬಿದ್ದಾಗ ಪ್ರಜ್ಞೆ ಇತ್ತಾ ಎಂದು ಎಲ್ಲರೂ ಕೇಳುತ್ತಾರೆ. ಇರಲಿಲ್ಲ ಎಂದೇ ಹೇಳುತ್ತಾ ಬಂದಿದ್ದೇನೆ. ಇತ್ತು ಗುಬ್ಬಿ. ನಾಲಿಗೆ ಹೊರಳುತ್ತಿರಲಿಲ್ಲ, ಆದರೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು. ನಾನು ಬಿದ್ದದ್ದು ಓವನ್ನಿಗೂ ಮೇಜಿಗೂ ನಡುವಿನ ದಾರಿಯಲ್ಲಿ. ಬ್ರೆಡ್ಡು ಇಳಿಸುವ ಹೊತ್ತು. ನಿನ್ನ ಭಾವ ಬಂದರು, ನೋಡಿದರು, "ಶುರುವಾಯ್ತು ನಾಟಕ" ಎಂದರು. ಬಿಸಿ ಟ್ರೇ ಹಿಡಿದು ನನ್ನನ್ನು ದಾಟಿ ಹೋದರು, ಬಂದರು, ಮತ್ತೆ ದಾಟಿದರು. ಎಲ್ಲವನ್ನೂ ಇಳಿಸಿದ ಮೇಲೆ ನನ್ನ ಹತ್ತಿರ ಬಗ್ಗಿದ್ದು. ಹಾಗೇ ಬಿಟ್ಟು ಓಡಿ ಬಂದವರ ಬ್ರೆಡ್ಡು ಸೀಯದೆ ಹೇಗೆ ಉಳಿಯಿತು ಎಂದು ರಸ್ಕು ತಿಂದವರಲ್ಲಿ ಒಬ್ಬರಾದರೂ ಕೇಳಲಿಲ್ಲ. ನಡುವೆ ಒಮ್ಮೆ, "ಸ್ವಲ್ಪ ಕಾಲು ಮಡಚ್ಕೋ, ದಾರಿ ಬಿಡು" ಎಂದರು. ಮಡಚಿಕೊಂಡೆ ಕಣೆ. ಮೈಯಲ್ಲಿ ಉಳಿದಿದ್ದ ಬಲವೆಲ್ಲ ಅದಕ್ಕೇ ಖರ್ಚಾಯಿತು.