ಚಪ್ಪಾಳೆ ಬರುವ ಜಾಗ

ಅಮರಗೋಳ, ಹುಬ್ಬಳ್ಳಿ
೧೮ ಆಗಸ್ಟ್ ೨೦೨೪

ಪ್ರೀತಿಯ ಆರ್ಜೂ,

ನೀನು ಕಳಿಸಿದ ಪಾರ್ಸೆಲ್ ಮುಟ್ಟಿ ಬಹಳ ದಿನವಾಯಿತು. ಮುಟ್ಟಿತು ಅಂತ ಒಂದು ಸಾಲು ಬರೆಯದಷ್ಟು ಸೊಕ್ಕು ಬಂತೇ ಇವಳಿಗೆ ಅಂತ ಬೈದುಕೊಂಡಿರುತ್ತೀ. ಬೈದುಕೋ. ಫೋನ್ ಮಾಡಬಹುದಿತ್ತು, ಆದರೆ ಈಚೆಗೆ ಯಾರಾದರೂ ಪ್ರೀತಿಯಿಂದ ‘ಹಲೋ’ ಅಂದರೂ ಅಳು ಬರುತ್ತದೆ, ಆಮೇಲೆ ಮಾತೇ ಹೊರಡುವುದಿಲ್ಲ. ಬೆಳಗಾವಿಯ ಹವೆ ನಿಮ್ಮ ಅಮ್ಮಿಗೆ ಒಗ್ಗಿತೇ? ಮಂಡಿನೋವು ಹೇಗಿದೆ?

ರೆಕಾರ್ಡು ಒಂದು ಗೀರೂ ಇಲ್ಲದೆ ಬಂದಿದೆ. ಕಾಲೇಜಿನ ದಿನಗಳಲ್ಲಿ ನಿಮ್ಮ ಮಾಮಾನ ಕೋಣೆಯಲ್ಲಿ ನಾವು ಸವೆಯುವಷ್ಟು ಕೇಳಿದ ಅದೇ ಜಾಝ್ ಕಛೇರಿ. ಸ್ಯಾಕ್ಸೊಫೋನು, ಪಿಯಾನೊ, ಬಾಸು, ಡ್ರಮ್ಮು, ನಾಲ್ಕೇ ಜನ. ಐವತ್ತರ ದಶಕದ ಯಾವುದೋ ನೆಲಮಾಳಿಗೆ. ಹಳೆಯ ಪ್ರತಿಯಲ್ಲಿ ಬಾಸಿನವನ ಅರ್ಧ ವಾದನವನ್ನು ಕತ್ತರಿಸಿದ್ದರು. ಈ ಮರುಮುದ್ರಣದಲ್ಲಿ ಪೂರ್ತಿ ಇದೆ, ಜನರ ಕೆಮ್ಮು, ಗ್ಲಾಸುಗಳ ಸದ್ದು ಸಮೇತ. ಅವನು ಪಿಸುಮಾತಿನಷ್ಟು ಮೆಲ್ಲಗೆ ಇಳಿಯುತ್ತಾನೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಚಪ್ಪಾಳೆ. “ಚಪ್ಪಾಳಿ ಐದನೇ ವಾದ್ಯ, ಅದು ಮುಗಿಯೂತನಕ ಬಾಯಿ ತೆರಿಬ್ಯಾಡ” ಅಂತ ನನ್ನ ತೊಡೆ ಚಿವುಟುತ್ತಿದ್ದೆಯಲ್ಲ, ಆ ಜಾಗ ಬಂದರೆ ಈಗಲೂ ಸುಮ್ಮನಾಗುತ್ತೇನೆ.

ಒಂದು ಸೋಜಿಗ ಕೇಳು. ನನ್ನ ಗಂಡ ಮುತ್ತು ಗೊತ್ತಲ್ಲ, ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ಹರಾಜು ಕೂಗುವವನು. ನನ್ನ ರೆಕಾರ್ಡುಗಳನ್ನು ಕಂಡರೆ, “ನಾಕು ಮಂದಿ ನಾಕು ದಿಕ್ಕಿಗೆ ಹೊಂಟಾರ, ಕೂಡಿ ಬಾರಸ್ರಿ ಅಂತ ಯಾರರೆ ಹೇಳಬಾರದೇನು” ಎಂದು ನಗುತ್ತಿದ್ದ. ಅಂಥವನು ನಿನ್ನ ಪಾರ್ಸೆಲ್ ಬಂದ ಮೇಲೆ ದಿನಾ ಮನೆಗೆ ಬಂದು ಕೈಕಾಲು ತೊಳೆದವನೇ ಇದನ್ನೇ ಹಚ್ಚುತ್ತಾನೆ. ಸ್ಪೀಕರನ್ನು ತೊಟ್ಟಿಲ ಪಕ್ಕಕ್ಕೆ ಎಳೆದಿಟ್ಟಿದ್ದಾನೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಅಂತೂ ಇವನಿಗೆ ನನ್ನ ಹುಚ್ಚು ಹತ್ತಿತು ಅಂದುಕೊಳ್ಳುತ್ತೇನೆ. ಈ ದಿನಗಳಲ್ಲಿ ನನಗಿರುವ ಸುಖ ಅದೊಂದೇ.

ಉಳಿದದ್ದನ್ನು ಹೇಗೆ ಬರೆಯಲಿ? ನನ್ನ ಕೂಸು ಕಾವೇರಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬ ಅನುಮಾನ ನನಗೆ. ಕುಕ್ಕರ್ ಸೀಟಿ ಹೊಡೆದರೂ ತಿರುಗುವುದಿಲ್ಲ, ಹಿಂದಿನಿಂದ ಕರೆದರೂ ತಿರುಗುವುದಿಲ್ಲ. ಮುಖ ಕಂಡರೆ ಮಾತ್ರ ಬಾಯ್ತುಂಬ ನಗುತ್ತಾಳೆ. ಹೆಸರಿಡುವ ದಿನ ನಿನಗೆ ಬರಲಾಗಲಿಲ್ಲ. ಮುತ್ತುವಿನ ಅಕ್ಕ ಪದ್ಧತಿಯಂತೆ ಕಿವಿಯಲ್ಲಿ ಕುರ್ರ್ ಎಂದು ಕೂಗಿ ಹೆಸರು ಹೇಳಿದರೆ ಕೂಸು ಅಳಲೇ ಇಲ್ಲ. ಎಂಥಾ ಶಾಣ್ಯಾ ಕೂಸು ಅಂತ ಬಂದವರೆಲ್ಲ ಲಟಿಕೆ ಮುರಿದರು. ಅತ್ತೆ ಬೀರವ್ವನಂತೂ ತಮ್ಮೂರು ಹೆಬ್ಬಳ್ಳಿಯಲ್ಲೆಲ್ಲ ಇಂಥ ಶಾಣ್ಯಾ ಕೂಸನ್ನು ಯಾರೂ ಹಡೆದಿಲ್ಲ ಅನ್ನುತ್ತಾರೆ. ಧೈರ್ಯ ಮಾಡಿ ಒಂದು ದಿನ ಊಟದ ಹೊತ್ತಿಗೆ ನನ್ನ ಅನುಮಾನ ಹೇಳಿದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ನಿದ್ದಿಗೆಟ್ಟು ನಿನ್ನ ತಲಿ ಕೆಟ್ಟದ. ಡಾಕ್ಟರಿಗೆ ತೋರಸೂದಾದ್ರ ನಿನ್ನ ತೋರಸಬೇಕು, ಕೂಸಿನ್ನಲ್ಲ.” ನಾನು ಮುತ್ತುವಿನ ಮುಖ ನೋಡಿದೆ. ಅವ್ವ ಅನ್ನುವುದು ಖರೇ, ಒಂದಿಷ್ಟು ಮಲಗು ಅಂದ, ತಟ್ಟೆಯಿಂದ ತಲೆ ಎತ್ತದೆ.

ಇರಬಹುದು ಆರ್ಜೂ. ಹೆತ್ತಂದಿನಿಂದ ನಾನು ನೆಟ್ಟಗೆ ಮಲಗಿಲ್ಲ. ರೆಕಾರ್ಡಿನ ಸ್ಯಾಕ್ಸೊಫೋನು ಏರಿದರೂ ಕೂಸು ಅತ್ತಂತೆ ಕೇಳಿ ಓಡುತ್ತೇನೆ. ಇಲ್ಲದ ಅಳು ನನಗೆ ಕೇಳುತ್ತದೆ, ಇರುವ ಸದ್ದು ಅವಳಿಗೆ ಕೇಳುವುದಿಲ್ಲ ಅಂತೀನಿ, ಯಾರು ನಂಬಬೇಕು? ಆದರೂ ಬರುವ ಗುರುವಾರಕ್ಕೆ ಕಿವಿ ಡಾಕ್ಟರರಿಗೆ ಹೇಳಿಟ್ಟಿದ್ದೇನೆ. ಕೂಸಿಗೆ ಲಸಿಕೆ ಹಾಕಿಸಲು ಅಂತ ಅತ್ತೆಗೆ ಸುಳ್ಳು ಹೇಳಿ ಹೋಗಬೇಕು.

ಅಮ್ಮಿಗೆ ನನ್ನ ಸಲಾಮು. ನಿನ್ನ ಮನೆಯಲ್ಲಿ ಯಾವಾಗಲೂ ಗದ್ದಲವಿರಲಿ, ಕರೆದರೆ ಓಗೊಡುವವರು ಇರಲಿ.

ನಿನ್ನ,
ಸೃಷ್ಟಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು. ಈಗ ಸಂಜೆ ಹಾಲು ತೆಗೆದುಕೊಂಡು ಒಳಗೆ ಬಂದೆ. ಮುತ್ತು ಸ್ಪೀಕರಿಗೆ ಬೆನ್ನು ಹಾಕಿ ತೊಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಾಸು ಇಳಿಯಿತು. ಅವನು ತೊಟ್ಟಿಲ ಅಂಚು ಬಿಗಿ ಹಿಡಿದು ಕಾವೇರಿಯ ರೆಪ್ಪೆಯನ್ನೇ ನೋಡುತ್ತಿದ್ದ. ಚಪ್ಪಾಳೆ ಬಂತು. ಅವಳು ತನ್ನ ಕಾಲ್ಬೆರಳು ಹಿಡಿದು ಆಡುತ್ತಿದ್ದಳು. ಅವನು ಎದ್ದು ಮುಳ್ಳನ್ನು ಎತ್ತಿ ಮತ್ತೆ ಅದೇ ಜಾಗಕ್ಕೆ ಇಟ್ಟ. ಆಗ ನನ್ನನ್ನು ಕಂಡ.

“ಅಕ್ಕ ಕಿವ್ಯಾಗ ಕುರ್ರ್ ಅಂದ್ಲಲ್ಲ, ಅವತ್ತೇ ಗೊತ್ತಾತು ನನಗ,” ಅಂದ. “ಈ ಚಪ್ಪಾಳಿಗರೆ ಬೆಚ್ಚತಾಳೇನಂತ ದಿನಾ ನೋಡಾಕತ್ತೇನಿ.”

ಒಂದು ಹಾಡನ್ನೂ ಅವನು ಕೇಳಿಲ್ಲ, ಆರ್ಜೂ. ಎಲ್ಲ ಗೊತ್ತಿದ್ದೂ ನನಗೆ ಮಲಗು ಅಂದ. ಇನ್ನು ರೆಕಾರ್ಡು ಕಳಿಸಬೇಡ ಅಂತ ಬರೆಯಲು ಪೆನ್ನು ಹಿಡಿದೆ, ಆಗಲಿಲ್ಲ. ಇದಕ್ಕಿಂತ ಜೋರು ಚಪ್ಪಾಳೆ ಇರುವುದು ನಿನ್ನ ಹತ್ತಿರ ಇದ್ದರೆ, ಲಗೂ ಕಳಿಸು.