ಬೀಗದೊಳಗೆ ಉಳಿದ ದನಿ

ಕಂಪ್ಯೂಟರ್ ಭದ್ರತಾ ವಿಭಾಗದ ಮೇಡಂ ಅವರಿಗೆ, ಮೂರನೇ ಮಹಡಿಯ ನಕ್ಷೆಗಾರನ ನಮಸ್ಕಾರಗಳು.

ಗಂಟಲಿನ ಆಪರೇಷನ್ ಮುಗಿಸಿಕೊಂಡು ಸೋಮವಾರ ಕೆಲಸಕ್ಕೆ ಬಂದೆ. ದನಿ ಗುರುತಿಸಿಯೇ ಬೀಗ ತೆರೆಯುವ ನನ್ನ ಕಂಪ್ಯೂಟರ್ ಎಂದಿನಂತೆ, "ನಿಮ್ಮ ವಾಕ್ಯ ಹೇಳಿ" ಎಂದಿತು. ಹೇಳಲು ಈಗ ದನಿಯೇ ಇಲ್ಲ. ಕನಸಿನಲ್ಲಿ ಮಾತ್ರ ಇದೆ; ಅಲ್ಲಿ ನಾನು ಬಾಯಿ ತೆರೆದರೆ ಸಾಕು, ನಕ್ಷೆಯ ನದಿಗಳೆಲ್ಲ ಹರಿಯತೊಡಗುತ್ತವೆ. ಎಚ್ಚರವಾದರೆ ಮತ್ತೆ ಬೀಗ. ಮೂರು ದಿನದಿಂದ ಕೈಕಟ್ಟಿ ಕೂತಿದ್ದೇನೆ.

ಟೈಪ್ ಮಾಡಿ ಒಳಹೋಗುವ ದಾರಿಯೊಂದನ್ನು ದಯವಿಟ್ಟು ಮಾಡಿಕೊಡಿ. ನಾಳೆ ನನ್ನಂಥ ಇನ್ನೊಬ್ಬರು ಬಂದರೆ ಅವರಿಗೂ ಆದೀತು.

ಇನ್ನೊಂದು ಮಾತು. ಬೀಗಕ್ಕೆ ದನಿ ಕೊಡಿ ಎಂದು ನೀವು ಕೇಳಿದ ದಿನ ಏನೂ ತೋಚದೆ, ಮನೆಯಲ್ಲಿ ದಿನಾ ಬೆಳಿಗ್ಗೆ ಕೂಗುವುದನ್ನೇ ಕೂಗಿದ್ದೆ: "ಏನೇ, ಟೀ ಆಯ್ತಾ?" ನೀವು ಬಿದ್ದು ಬಿದ್ದು ನಕ್ಕಿರಿ. ನಿನ್ನೆ ಇದನ್ನು ನನ್ನಾಕೆಗೆ ಬರೆದು ತೋರಿಸಿದೆ. "ಒಂದಿನಾದ್ರೂ ಬೇರೆ ಮಾತಾಡ್ಬಾರದಾ" ಎಂದು ವರ್ಷಗಟ್ಟಲೆ ರೇಗಿದವಳು ನಗಲಿಲ್ಲ. "ಅದಿನ್ನೂ ಅಲ್ಲೇ ಇದೆಯೇನ್ರೀ?" ಎಂದಷ್ಟೇ ಕೇಳಿದಳು.

ಹಳೆಯ ಬೀಗವನ್ನು ಅಳಿಸುವ ಮೊದಲು ಆ ವಾಕ್ಯವನ್ನು ಅವಳ ಫೋನಿಗೆ ಕಳಿಸಿಕೊಡಿ. ಬೆಳಿಗ್ಗೆ ಆರರ ಸುಮಾರಿಗೆ ಕಳಿಸಿದರೆ ಒಳ್ಳೆಯದು. ಆ ಹೊತ್ತಿಗೆ ಟೀ ಆಗಿರುತ್ತದೆ, ಕೇಳುವವರಿರುವುದಿಲ್ಲ.

ಇಂತಿ,
ಬಾಗಿಲಾಚೆ ಕಾದಿರುವ
ನಿಮ್ಮ ನಕ್ಷೆಗಾರ