ಮರಿಯಮ್ಮನ ಟೇಪು

ಬಟವಾಡಿ, ತುಮಕೂರು
೧೪-೧೧-೧೯೭೯

ನಮ್ಮ ಮನೆಯವರಿಗೆ ಸರ್ವಮಂಗಳ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮೈಸೂರಿನ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳಬೇಡಿ. ಹಾಸ್ಟೆಲಿನ ಊಟ ಸಪ್ಪೆ ಎಂದು ಬರೆದಿದ್ದಿರಿ, ಉಪ್ಪಿನಕಾಯಿ ಕಳಿಸಿದ್ದೇನೆ. ನಾನೂ ಮಗಳು ವನಜಳೂ ಚೆನ್ನಾಗಿದ್ದೇವೆ. ನೀವು ಅವಸರದಲ್ಲಿ ಮರೆತು ಹೋದ ಚೀಲವನ್ನು ನಮ್ಮಣ್ಣ ಸಿದ್ದಯ್ಯ ತಂದುಕೊಡುತ್ತಾನೆ. ಅದರಲ್ಲಿ ನಿಮ್ಮ ನೋಟ್ಸು, ರೆಕಾರ್ಡರು, ಎರಡು ಟೇಪು ಇದ್ದವು. ಒಂದು ಟೇಪು ತುಂಬಿತ್ತು, ಒಂದು ಹೊಸದಿತ್ತು. ಈಗ ಎರಡೂ ತುಂಬಿವೆ. ಅದು ಹೇಗಾಯಿತೆಂದು ಹೇಳಬೇಕು.

ದಸರಾ ರಜದಲ್ಲಿ ನೀವು ಭಾಷಾವಿಜ್ಞಾನದ ಪರೀಕ್ಷೆಗೆಂದು ಹಳ್ಳಿಯ ಮಾತು ಟೇಪಿನಲ್ಲಿ ಹಿಡಿಯಲು ಚೇಳೂರಿಗೆ ಹೊರಟಾಗ, ಹೆಂಗಸರ ಹತ್ತಿರ ಹೋಗಬೇಕು, ನೀನೂ ಬಾ ಎಂದು ನನ್ನನ್ನು ಕರೆದುಕೊಂಡು ಹೋದಿರಿ. ವೀಳ್ಯದೆಲೆ ತೋಟದ ಮರಿಯಮ್ಮ ಜಗುಲಿಯಲ್ಲಿ ಎಲೆ ಜೋಡಿಸುತ್ತಾ ಮಾತಾಡಿದಳು. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಚೆಲುವೆಯೇನಲ್ಲ, ಅದನ್ನು ಮೊದಲೇ ನೋಡಿಕೊಂಡೆ. ಅವಳು "ಬುಡಿ ಸಾಮಿ, ನಮ್ದೂ ಒಂದ್ ಮಾತಾ" ಅಂದಾಗ ನಿಮ್ಮ ಮುಖ ಅರಳಿತು. "ಇನ್ನೊಂದ್ಸಲ ಹೇಳಮ್ಮ" ಅಂದಿರಿ. ಎರಡು ಗಂಟೆಯಲ್ಲಿ ಹದಿನಾರು ಸಲ. ಒಂಬತ್ತು ವರ್ಷದ ಸಂಸಾರದಲ್ಲಿ ನನಗೆ ಹಾಗಂದದ್ದು ತಪ್ಪು ಹಿಡಿಯುವುದಕ್ಕೆ ಮಾತ್ರ. ವಾಪಸು ಬರುವಾಗ ಗುಬ್ಬಿಯಲ್ಲಿ ಬಸ್ಸು ನಿಂತಿತ್ತು. ನನ್ನ ಮಾತೂ ಹಾಗೇ ಇತ್ತಲ್ಲ, ನನ್ನನ್ನೇ ಕೇಳಬಹುದಿತ್ತಲ್ಲ ಅಂದೆ. "ನಿನ್ನ ಮಾತು ಈಗ ಬೆರಕೆ ಕಣೇ" ಅಂದಿರಿ. ಬೆರೆಸಿದವರು ಯಾರು?

ನೀವು ಹೋದ ಮೇಲೆ ಒಂದು ಮಧ್ಯಾಹ್ನ ನಿಮ್ಮ ನೋಟ್ಸು ತೆಗೆದೆ. ಏಳನೇ ಕ್ಲಾಸು ಓದಿದವಳಿಗೂ ಮೊದಲ ಪುಟ ಅರ್ಥವಾಯಿತು. ಭಾಷೆಯನ್ನು ಅಭ್ಯಾಸ ಮಾಡುವವನು ಜನ ಹೇಗೆ ಮಾತಾಡಬೇಕೆಂದು ಹೇಳುವುದಿಲ್ಲ, ಹೇಗೆ ಮಾತಾಡುತ್ತಾರೆಂದು ಕೇಳಿಸಿಕೊಳ್ಳುತ್ತಾನೆ ಎಂದು ಬರೆದು ಕೆಂಪು ಗೆರೆ ಎಳೆದಿದ್ದೀರಿ. 'ಬಿಡು' ಎಂಬುದು 'ಬುಡು' ಆಗುವುದು ತಪ್ಪಲ್ಲ, ತುಟಿ ಸೇರಿಸಿ ಆಡುವ ಅಕ್ಷರದ ಪಕ್ಕದಲ್ಲಿ ಸ್ವರವೂ ದುಂಡಗಾಗುತ್ತದೆ, ಅದಕ್ಕೊಂದು ನಿಯಮವಿದೆ ಎಂದೂ ಇದೆ. ಓದಿ ಮೈಯೆಲ್ಲ ಉರಿಯಿತು. ಟೇಪು ಹಾಕಿದೆ. ಮರಿಯಮ್ಮನ ನಗು, ನಿಮ್ಮ ನಗು. ನಡುವೆ ನಾನೇನೋ ಹೇಳಲು ಬಾಯಿ ತೆಗೆದಿದ್ದೇನೆ. "ಶ್, ನೀನು ಸುಮ್ನಿರು" ಎಂದಿದ್ದೀರಿ. ಅದೂ ಅಚ್ಚಾಗಿದೆ.

ಟೇಪನ್ನು ಮೊದಲಿಗೆ ತಿರುಗಿಸಿ, ರೆಕಾರ್ಡು ಮಾಡುವ ಕೆಂಪು ಗುಂಡಿ ಒತ್ತಿದೆ. ಅವಳ ಮಾತು ಅಳಿಸಿಹೋಗುತ್ತದೆಂದು ತಿಳಿದೇ ಒತ್ತಿದೆ. ನಮ್ಮಪ್ಪ ಸತ್ತ ದಿನದ ವಿಷಯ ಹೇಳಿದೆ. ಅವತ್ತು ಊರಿಂದ ಬಂದ ತಂತಿ ಕೈಯಲ್ಲಿ ಹಿಡಿದು "ಅಪ್ಪ ವೋಗ್ಬುಟ್ರು" ಅಂತ ನಾನು ಬಂದರೆ "ಹೋಗಿಬಿಟ್ಟರು" ಎಂದು ತಿದ್ದಿದಿರಿ. ಅಭ್ಯಾಸಬಲ, ಬೇಕೆಂದು ಮಾಡಿದ್ದಲ್ಲ, ಗೊತ್ತು. ಆದರೆ ಆಮೇಲೆ ಅಪ್ಪನ ಬಗ್ಗೆ ನಿಮ್ಮ ಹತ್ತಿರ ಏನೂ ಹೇಳಲಾಗಲಿಲ್ಲ. ಈಗ ಅರ್ಧ ಗಂಟೆ ಹೇಳಿದ್ದೇನೆ, ನನ್ನ ಮಾತಿನಲ್ಲೇ.

ಮುಗಿದ ಮೇಲೆ ಟೇಪು ತೆಗೆದು ಚೀಲದಲ್ಲಿಟ್ಟೆ. ನಿಮ್ಮ ಪರೀಕ್ಷೆ ಹಾಳುಮಾಡಿದೆನಲ್ಲ ಎಂದು ಮರುದಿನವೇ ರೆಕಾರ್ಡರು ಎತ್ತಿಕೊಂಡು ಚೇಳೂರಿಗೆ ಹೋದೆ. ಹೊಟ್ಟೆಕಿಚ್ಚಿಗೆ ಅಳಿಸಿದೆ ಎಂದು ಮರಿಯಮ್ಮನಿಗೆ ನಿಜ ಹೇಳಿಬಿಟ್ಟೆ. ಅವಳು ನಗುತ್ತಾಳೆಂದುಕೊಂಡಿದ್ದೆ. "ನನ್ ಮ್ಯಾಲ್ ಯಾಕವ್ವ ಹೊಟ್ಟೆಕಿಚ್ಚು? ನನ್ ಗಂಡ ಬುಟ್ಟೋದ ಅಂತ ಯೋಳ್ದೆ. ನಿಮ್ಮೆಜಮಾನ್ರು 'ಬುಟ್ಟೋದ' ಅನ್ನೋದ ಇನ್ನೊಂದ್ಸಲ ಯೋಳು ಅಂದ್ರು. ಯಾಕ್ ಬುಟ್ಟೋದ ಅಂತ ಕೇಳ್ನಿಲ್ಲ" ಅಂದಳು. ನಾನೂ ಅವತ್ತು ಅದನ್ನು ಕೇಳಿಸಿಕೊಂಡಿರಲಿಲ್ಲ, ನಿಮ್ಮ ಮುಖ ನೋಡುತ್ತಿದ್ದೆ. ಯಾಕೆ ಬಿಟ್ಟುಹೋದ ಎಂದು ಈಗ ಕೇಳಿದೆ. ಹೊಸ ಟೇಪಿನಲ್ಲಿ ಎಲ್ಲ ಇದೆ. ನಿಮ್ಮ ಮೇಷ್ಟರಿಗೆ ಅದನ್ನು ಕೊಡಿ. ಹಳೆಯದು ನಿಮಗೆ ಮಾತ್ರ.

ವನಜ ನಮಸ್ಕಾರ ಹೇಳಿದ್ದಾಳೆ. ಪರೀಕ್ಷೆ ಚೆನ್ನಾಗಿ ಮಾಡಿ, ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಸರ್ವಮಂಗಳ

ಮತ್ತೊಂದು ಮಾತು. ಸಿದ್ದಯ್ಯ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು. ನೀವಿಲ್ಲದಾಗ ವನಜ ಬಾಯಿ ಮುಚ್ಚುವುದಿಲ್ಲ, ಹಾಲು ಕೊಟ್ಟರೆ "ಅವ್ವ, ಆಲು ಬ್ಯಾಡ ಬುಡು" ಅನ್ನುತ್ತಾಳೆ, ಮನೆ ತುಂಬ ಮಾತು. ನೀವು ಬಂದಿದ್ದ ಎಂಟು ದಿನ ತಲೆ ಆಡಿಸಿದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ನೀವು ಗಮನಿಸಲಿಲ್ಲ. ಸಂಕ್ರಾಂತಿಗೆ ಬಂದಾಗ ಅವಳನ್ನು ತಿದ್ದಬೇಡಿ. ತಿದ್ದಿದರೆ ಬೆಳ್ಳಾವಿಗೆ ಕರೆದುಕೊಂಡು ಹೋಗುತ್ತೇನೆ, ನನ್ನ ತವರಿನಲ್ಲಿ ಮಾತಾಡಿಕೊಂಡು ಬೆಳೆಯಲಿ. ಇದನ್ನು ಕೋಪದಲ್ಲಿ ಬರೆದಿಲ್ಲ.